ಹೊಗೆ ಬೇಡಿದ ಕಲಾವಿದ

ದೊಡ್ಡ ಕಲಾವಿದರಿಗೆಲ್ಲ ಒಬ್ಬೊಬ್ಬ ಗುರು ಇರುತ್ತಾರೆ. ನಮ್ಮ ಬೀದಿಯ ಕಲಾವಿದನಿಗೆ ಒಂದು ಚಿಮಣಿ ಇತ್ತು.

ಬೀದಿ ಮುಗಿಯುವಲ್ಲಿ, ಎತ್ತರದ ಗೋಡೆಯ ಆಚೆ, ಹಳೆಯ ಟೈರುಗಳನ್ನು ಕಾಯಿಸಿ ಎಣ್ಣೆ ಇಳಿಸುವ ಕಾರ್ಖಾನೆ. ಅದರ ಚಿಮಣಿಯ ಮೈಮೇಲೆ ಬುಡದಿಂದ ಕುತ್ತಿಗೆಯವರೆಗೆ ಹಸಿರು ಬಳ್ಳಿ, ಹೂವು, ಗಿಳಿಗಳ ಚಿತ್ರ ಬರೆಸಿದ್ದರು. ಪರಿಸರ ಕಾಳಜಿಗೆಂದು ತೆಗೆದಿಟ್ಟ ಹಣವೆಲ್ಲ ಆ ಬಳ್ಳಿಗೇ ಮುಗಿದುಹೋದ್ದರಿಂದ, ಚಿಮಣಿಯ ಬಾಯಿಂದ ಹೊರಡುತ್ತಿದ್ದ ಹೊಗೆಯ ವಿಷಯದಲ್ಲಿ ಆಡಳಿತ ಮಂಡಳಿ ಅಸಹಾಯಕವಾಗಿತ್ತು. ವರ್ಷ ತುಂಬುವುದರೊಳಗೆ ಗಿಳಿಗಳೆಲ್ಲ ಕಾಗೆಗಳಾಗಿದ್ದವು.

ಈ ಚಿಮಣಿಗೆ ಇಡೀ ಬೀದಿ ದಿನಬೆಳಗಾದರೆ ಶಾಪ ಹಾಕುತ್ತಿತ್ತು. ಶಾಪ ಹಾಕದವನು ಇವನೊಬ್ಬನೇ. ಇವನು ಮಹಡಿಯ ಮೇಲೆ ಕೈಕಟ್ಟಿ ನಿಂತು, ತಲೆಯನ್ನು ಒಂದು ಕಡೆಗೆ ವಾಲಿಸಿ, ಅದನ್ನು ನೋಡುತ್ತ ನಿಟ್ಟುಸಿರು ಬಿಡುತ್ತಿದ್ದ. ನಿಟ್ಟುಸಿರು ಬಿಡಲು ಮೊದಲು ಉಸಿರು ಎಳೆದುಕೊಳ್ಳಬೇಕಲ್ಲ, ಆಗ ಕೆಮ್ಮುತ್ತಿದ್ದ. ಕೆಮ್ಮಿ ಮುಗಿಸಿ ಮತ್ತೆ ನೋಡುತ್ತಿದ್ದ. ಅವನು ಅಚ್ಚು ಹಾಕಿಸಿಕೊಂಡಿದ್ದ ಕಾರ್ಡಿನಲ್ಲಿ 'ಅಮೂರ್ತ ಮಿಶ್ರಮಾಧ್ಯಮ ಕಲಾವಿದ. ಪ್ರೇರಣೆ: ಪ್ರಕೃತಿ ಮತ್ತು ಕೈಗಾರಿಕಾ ವಾಸ್ತುಶಿಲ್ಪ' ಎಂದಿತ್ತು. ಅಷ್ಟು ಉದ್ದದ್ದು ಬೀದಿಯ ಬಾಯಲ್ಲಿ ಹಿಡಿಯಲಿಲ್ಲ. ಗುಜರಿ ಅಂಗಡಿಯಿಂದ ತುಕ್ಕು ಹಿಡಿದ ತಗಡು ಹೊತ್ತು ತಂದು ತಂದು ಅವನ ಪ್ಯಾಂಟಿನ ಎರಡೂ ತೊಡೆಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರಿಂದ, ಜನ ಸುಲಭವಾಗಿ ತುಕ್ಕಣ್ಣ ಎಂದು ಕರೆದರು.

ಮನೆ ಅವನ ಅಕ್ಕನದು. ಅಕ್ಕ ಆಸ್ಪತ್ರೆಗಳಿಗೆ ಬಿಳಿ ಕೋಟು ಹೊಲಿದು ಕೊಡುತ್ತಿದ್ದಳು. ಹೊಲಿದದ್ದನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕೊಡಬೇಕೆಂಬುದು ಕರಾರು. ಒಣಗಿಸಲು ಇದ್ದದ್ದು ಆ ಮಹಡಿ ಒಂದೇ. ತಂತಿಗೆ ಹಾಕುವಾಗ ಡಾಕ್ಟರ ಕೋಟಾಗಿದ್ದದ್ದು ತೆಗೆಯುವಾಗ ಗ್ಯಾರೇಜಿನವನ ಕೋಟಾಗಿರುತ್ತಿತ್ತು. ಆಸ್ಪತ್ರೆಯ ಉಗ್ರಾಣದವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಎರಡೇ ಬೆರಳಲ್ಲಿ ವಾಪಸು ಕೊಡುತ್ತಿದ್ದ. ಅಕ್ಕ ಮತ್ತೆ ಒಗೆಯುತ್ತಿದ್ದಳು. ಒಗೆಯುವಾಗ ಕೆಮ್ಮುತ್ತಿದ್ದಳು. ಇತ್ತೀಚೆಗೆ ಆ ಕೆಮ್ಮು ಒಗೆಯದಿರುವಾಗಲೂ ಬರತೊಡಗಿತ್ತು.

"ಅಕ್ಕಾ, ಬೇಗ ಬಾ! ಆ ಹೊಗೆ ಹೆಂಗೆ ಸುತ್ಕೋತಾ ಇದೆ ನೋಡು! ಏನು ಲಯ!"

"ನನ್ನ ಗಂಟಲಿಗೂ ಸುತ್ಕೋತಾ ಇದೆ ಕಣೋ. ಲಯ ಆಮೇಲ್ ನೋಡುವೆಯಂತೆ, ಬಕೆಟ್ ಎತ್ಕೊಂಡ್ ಬಾ."

ಇಂಥ ಅರಸಿಕ ವಾತಾವರಣದಲ್ಲಿ ಅವನು ತನ್ನ ಮಹಾಕೃತಿಯನ್ನು ರಚಿಸುತ್ತಿದ್ದ. ಮಹಡಿಯ ಗೋಡೆಗೆ ಒರಗಿಸಿದ್ದ, ಎರಡು ಬಾಗಿಲು ಜೋಡಿಸಿದಷ್ಟು ಅಗಲದ ಒಂದು ಚೌಕಟ್ಟು. ಅದರಲ್ಲಿ ತೂತು ಕೊರೆದ ತಗಡು, ಮರದ ತೊಗಟೆ, ಒಣಗಿದ ಪಾಚಿ, ತಾಮ್ರದ ತಂತಿ, ಗಾಜಿನ ನಳಿಗೆ, ನಡುವೆ ಯಾವುದೋ ಬಾಯ್ಲರಿನಿಂದ ಕಳಚಿದ ಒತ್ತಡದ ಮೀಟರು. ಅದರ ಮುಳ್ಳು ಅಲುಗುತ್ತಿರಲಿಲ್ಲ. ಇವೆಲ್ಲದರ ಮೇಲೆ ಅಡ್ಡಡ್ಡಲಾಗಿ ಅಂಟಿಸಿದ ಬಿಳಿ ಬಟ್ಟೆಯ ಪಟ್ಟಿಗಳು. ಬಟ್ಟೆ ಅಕ್ಕನದೇ, ಕೋಟು ಕತ್ತರಿಸಿ ಉಳಿದದ್ದು. ದಿನಕ್ಕೊಂದು ಪಟ್ಟಿಗೆ ಗೋಂದು ಸವರಿ ಗಾಳಿಗೆ ಬಿಡುತ್ತಿದ್ದ. ಸಂಜೆಯ ಹೊತ್ತಿಗೆ ಚಿಮಣಿಯ ಮಸಿ ಅದರ ಮೇಲೆ ಬಂದು ಕೂತಿರುತ್ತಿತ್ತು. ಕೂತದ್ದರ ಮೇಲೆ ತೆಳುವಾಗಿ ವಾರ್ನಿಷ್ ಎಳೆದು ಭದ್ರ ಮಾಡುತ್ತಿದ್ದ. ಬ್ರಶ್ಶಿಲ್ಲ, ಬಣ್ಣವಿಲ್ಲ, ಕಲಾವಿದನಾದವನು ಅಡ್ಡಬರಬಾರದು, ಅಷ್ಟೇ ಎನ್ನುತ್ತಿದ್ದ. ಕೃತಿಯ ಹೆಸರು 'ಮೌನದ ಉಸಿರು, ಏಳು'. ಒಂದರಿಂದ ಆರರವರೆಗಿನವು ಎಲ್ಲಿ ಎಂದು ಅಕ್ಕ ಕೇಳಿದಾಗ, "ಅವನ್ನ ನೋಡೋ ಕಣ್ಣು ಇನ್ನೂ ಹುಟ್ಟಿಲ್ಲ" ಎಂದಿದ್ದ.

ಏಳನೆಯದನ್ನು ನೋಡುವ ಕಣ್ಣು ಮಾತ್ರ ಹೇಗೋ ಹುಟ್ಟಿಬಿಟ್ಟಿತ್ತು. ಪೇಟೆಯ ಗ್ಯಾಲರಿಯೊಂದರ ಒಡತಿ ಅದರ ಫೋಟೋ ನೋಡಿ, ಪೂರ್ತಿಯಾದರೆ ಪ್ರದರ್ಶನದಲ್ಲಿ ಒಂದು ಗೋಡೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಳು. ಬಾಳಿನಲ್ಲಿ ಮೊದಲ ಸಲ ಅವನಿಗೊಂದು ಗೋಡೆ ಸಿಗುವುದರಲ್ಲಿತ್ತು. ಮೇಲೆ ನಸುಬೂದಿಯಿಂದ ಶುರುವಾಗಿ ಇಳಿಯುತ್ತ ಇಳಿಯುತ್ತ ಕಪ್ಪಾಗುವ ಚಿತ್ರ. ಬುಡದ ಕೆಲವು ಪಟ್ಟಿಗಳು ಮಾತ್ರ ಬಾಕಿ. ಬೇಕಾದದ್ದು ಒಂದಷ್ಟು ಒಳ್ಳೆಯ ಕಪ್ಪು ಹೊಗೆ. ಅದಕ್ಕೇನು ಬರವೆ?

ಬರ ಬಂದದ್ದು ಮೇಷ್ಟ್ರ ದೆಸೆಯಿಂದ.

ಪಕ್ಕದ ಮನೆಯ ನಿವೃತ್ತ ಗಣಿತ ಮೇಷ್ಟ್ರು ಒಂದು ಬೆಳಿಗ್ಗೆ, ನೀರಿನ ಟ್ಯಾಂಕು ತುಂಬಿ ಹರಿದು ತಮ್ಮ ಗೋಡೆ ನೆನೆಯುತ್ತಿದೆ ಎಂದು ಜಗಳ ತೆಗೆಯಲು ಮಹಡಿ ಹತ್ತಿದರು. ಚೌಕಟ್ಟನ್ನು ಕಂಡು ಜಗಳ ಮರೆತರು.

"ಏನಯ್ಯಾ ತುಕ್ಕಣ್ಣ, ಏನಿದು?"

"ಉಸಿರು."

"ಯಾರದು?"

"ನಿಮ್ಮದು, ನನ್ನದು, ಈ ಬೀದೀದು. ದಿನಾ ಇಲ್ಲಿ ದಾಖಲಾಗ್ತಾ ಇದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪಟ್ಟಿಗಳು ಮೇಲಿಂದ ಕೆಳಕ್ಕೆ ಕ್ರಮವಾಗಿ ಕಪ್ಪಾಗುತ್ತಿದ್ದವು. ಕ್ರಮ ಕಂಡಲ್ಲಿ ಕೈಮುಗಿಯುವುದು ಅವರ ಹುಟ್ಟುಗುಣ.

"ಈ ಮೀಟರು?"

"ಒತ್ತಡ ಮೇಷ್ಟ್ರೇ. ಭಯಂಕರ ಒತ್ತಡ."

"ಇಡೋಕೆ ಹೇಳಿದ್ದು ಯಾರು?"

ತುಕ್ಕಣ್ಣ ಕಣ್ಣು ಅರೆಮುಚ್ಚಿ ಆಕಾಶ ನೋಡಿದ. "ಅದನ್ನೆಲ್ಲ ಹೇಳೋಕಾಗುತ್ತಾ? ಮೇಲಿಂದ ಬರುತ್ತೆ. ಬಂದ್ಮೇಲೆ ಮಾಡಲೇಬೇಕು. ಮುಗಿಯೋವರೆಗೆ ಯಾರ ಹತ್ರಾನೂ ಬಾಯಿ ಬಿಡ್ಬೇಡಿ, ದಯವಿಟ್ಟು."

ತನ್ನ ಶೈಲಿಯನ್ನು ಯಾರಾದರೂ ಕದ್ದಾರು ಎಂಬುದು ಅವನ ಭಯ. ಆದರೆ ಮೇಷ್ಟ್ರ ಮುಖ ಗಂಭೀರವಾಯಿತು. "ತಿಳೀತು, ತಿಳೀತು. ನನ್ನಿಂದ ಒಂದಕ್ಷರ ಹೊರಗೆ ಹೋಗಲ್ಲ, ಸಾರ್," ಎಂದರು. ಮೆಟ್ಟಿಲು ಹತ್ತುವಾಗ 'ಏನಯ್ಯಾ' ಆಗಿದ್ದವನು ಇಳಿಯುವಾಗ 'ಸಾರ್' ಆಗಿದ್ದ. ಮೇಷ್ಟ್ರು ಮಾತಿಗೆ ತಪ್ಪಲಿಲ್ಲ; ಒಂದಕ್ಷರವಲ್ಲ, ಪೂರ್ತಿ ವಿವರವನ್ನೇ ಹೇಳಿದರು. ಹೊಗೆ ಅಳೆಯಲು ಸರ್ಕಾರ ಗುಟ್ಟಾಗಿ ಯಂತ್ರ ಇಟ್ಟಿದೆ, ನಮ್ಮ ತುಕ್ಕಣ್ಣ ವೇಷ ಮರೆಸಿಕೊಂಡ ಅಧಿಕಾರಿ ಎಂಬುದು ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಯಿತು.

"ಅದಕ್ಕೇ ಅಂತೀನಿ, ಇಷ್ಟು ವರ್ಷ ಒಂದು ಕೆಲಸಕ್ಕೂ ಹೋಗದೆ ಹೆಂಗಿದ್ದ ಅಂತ!" ಎಂದಳು ಎದುರುಮನೆಯಾಕೆ.

"ಆ ಪ್ಯಾಂಟೂ ವೇಷವೇ ಅನ್ನಿ," ಎಂದ ಕ್ಷೌರದಂಗಡಿಯವನು. "ಸಂಬಳ ತಗೊಳ್ಳೋನು ಅಂಥಾ ಪ್ಯಾಂಟ್ ಹಾಕ್ತಾನಾ?"

ಅಂದಿನಿಂದ ತುಕ್ಕಣ್ಣನಿಗೆ ಕ್ಷೌರದಂಗಡಿಯಲ್ಲಿ ಮೊದಲ ಕುರ್ಚಿ. ಅವನು ತಗಡು ಹೊತ್ತು ಬಂದರೆ ಜನ ಎದ್ದು ದಾರಿ ಬಿಟ್ಟರು. ಕೊನೆಗೂ ಸಮಾಜ ಕಲೆಯನ್ನು ಗೌರವಿಸಲು ಕಲಿಯಿತು ಎಂದು ಅವನು ಅಕ್ಕನಿಗೆ ಹೇಳಿದ. ಅಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಮೈಯಲ್ಲಿ ಹುಷಾರಿಲ್ಲವೇನೋ ಅವಕ್ಕೆ," ಎಂದಳು.

ಸುದ್ದಿ ಕಾರ್ಖಾನೆಯ ಕಾವಲುಗಾರನಿಗೆ ಮುಟ್ಟಿತು, ಅವನಿಂದ ಮ್ಯಾನೇಜರಿಗೆ. ಮ್ಯಾನೇಜರು ಮಾಳಿಗೆ ಹತ್ತಿ ದುರ್ಬೀನು ಹಿಡಿದು ನೋಡಿದ. ತಂತಿ ಕಂಡಿತು. ನಳಿಗೆ ಕಂಡಿತು. ಮೀಟರು ತನ್ನ ಕಡೆಗೇ ತಿರುಗಿಕೊಂಡಿರುವುದು ಕಂಡಿತು. ಸಂಜೆಗೆ ಹೊಗೆ ತೆಳುವಾಯಿತು. ಮರುದಿನ ಇನ್ನೂ ತೆಳು. ಆಮೇಲೆ ನಿಂತೇಹೋಯಿತು.

ನಮ್ಮ ಬೀದಿಗೆ ಆಕಾಶ ಇರುವುದು ಆಗಲೇ ತಿಳಿದದ್ದು. ಅಕ್ಕನ ಕೋಟುಗಳು ತಂತಿಯ ಮೇಲೆ ಬೆಳ್ಳಗೆ ಒಣಗಿ ಬೆಳ್ಳಗೆ ಕೆಳಗಿಳಿದವು. ಉಗ್ರಾಣದವನು ಬೆಳಕಿಗೆ ಹಿಡಿದು ನೋಡಿ, ವಾಪಸು ಕೊಡಲು ಕಾರಣ ಸಿಗದೆ ಬೇಜಾರು ಮಾಡಿಕೊಂಡ. ಅಕ್ಕ ಮಾತಿನ ನಡುವೆ ಕೆಮ್ಮದೆ ಒಂದು ವಾಕ್ಯವನ್ನು ಮುಗಿಸುವುದನ್ನು ನಾವು ಎಷ್ಟೋ ಕಾಲದ ಮೇಲೆ ಕೇಳಿದೆವು. ಆ ವಾಕ್ಯ ತಮ್ಮನಿಗೆ ಬೈಗುಳವಾಗಿತ್ತು ಎಂಬುದು ಬೇರೆ ಮಾತು.

ಬೈಗುಳಕ್ಕೆ ಕಾರಣ, ತಮ್ಮ ಊಟ ಬಿಟ್ಟು ಕೂತಿದ್ದ.

"ಬಿಳಿ ಅಕ್ಕಾ! ಹಾಕಿದ ಪಟ್ಟಿ ಹಾಕಿದ ಹಾಗೇ ಬಿಳಿಯಾಗಿದೆ! ಅಸಹ್ಯ! ಬುಡ ಕಪ್ಪಾಗದೆ ಆ ಗೋಡೆ ನನಗೆ ಸಿಗಲ್ಲ. ಪ್ರಕೃತಿ ನನಗೆ ಕೈ ಕೊಟ್ಟಿತು!"

"ಅದು ಪ್ರಕೃತಿ ಅಲ್ಲ, ಟೈರು. ತಿನ್ನು ಸುಮ್ನೆ."

ಅವನು ತಿನ್ನಲಿಲ್ಲ. ಪ್ರಪಂಚದಲ್ಲಿ ಯಾವ ನಾಗರಿಕನೂ ಮಾಡದ ಕೆಲಸಕ್ಕೆ ಹೊರಟ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರ್ಖಾನೆಗೆ ಹೋದ, ಹೊಗೆ ಬೇಡಲು.

ಬಡವರು ಕೆಲಸ ಕೇಳಿಕೊಂಡು ಹೋದರೆ ಗೇಟಿನಲ್ಲೇ ಬಿಸಿಲು ಕಾಯಿಸುವ ಆ ಕಾರ್ಖಾನೆ, ಇವನನ್ನು ನೇರ ತಣ್ಣನೆಯ ಕೋಣೆಗೆ ಕರೆದೊಯ್ದಿತು. ಮ್ಯಾನೇಜರು ಎದ್ದು ನಿಂತಿದ್ದ.

"ಸಾರ್, ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ."

ತುಕ್ಕಣ್ಣ ನೇರವಾಗಿ ವಿಷಯಕ್ಕೆ ಬಂದ. "ಹೊಗೆ ಯಾಕ್ರೀ ನಿಲ್ಲಿಸಿದ್ರಿ?"

"ಹೊಗೆಯಾ?" ಮ್ಯಾನೇಜರು ಆ ಪದವನ್ನು ಮೊದಲ ಸಲ ಕೇಳಿದವನಂತೆ ಗೋಡೆಯ ಕಡೆ ನೋಡಿದ. "ಯಾವ ಹೊಗೆ ಸಾರ್? ನಮ್ಮಲ್ಲಿ ಹೊಗೆ ಯಾವತ್ತೂ ಇರಲೇ ಇಲ್ಲವಲ್ಲ!"

"ಸುಳ್ಳು ಹೇಳ್ಬೇಡಿ. ಒಂದೊಂದು ದಿನದ್ದೂ ನನ್ನ ಹತ್ರ ಇದೆ. ವಾರ್ನಿಷ್ ಹೊಡೆದು ಇಟ್ಟಿದೀನಿ."

ಮ್ಯಾನೇಜರು ಕೂತ. ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತ, ಪುಣ್ಯಕ್ಕೆ ಇತ್ತು.

"ಕೈ ಮುಗೀತೀನಿ, ಮತ್ತೆ ಬಿಡಿ," ಎಂದ ತುಕ್ಕಣ್ಣ. "ಅದ್ರಲ್ಲೂ ಮೋಡ ಕವಿದಾಗ ಬಿಡ್ತೀರಲ್ಲ, ಯಾರಿಗೂ ಕಾಣಲ್ಲ ಅಂತ, ಆ ಗಟ್ಟಿ ಕಪ್ಪು! ಅಂಥದ್ದು ನಾನು ಬೇರೆ ಯಾವ ಕಾರ್ಖಾನೇಲೂ ನೋಡಿಲ್ಲ."

"ಬೇರೆ ಕಾರ್ಖಾನೆಗಳನ್ನೂ ನೋಡಿದೀರಾ ಸಾರ್?"

"ಎಲ್ಲವನ್ನೂ. ಆದರೆ ನಿಮ್ಮಷ್ಟು ಧೈರ್ಯ ಯಾರಿಗೂ ಇಲ್ಲ."

ಎ.ಸಿ. ಕೋಣೆಯಲ್ಲಿ ಮ್ಯಾನೇಜರಿನ ಕತ್ತಿನ ಪಟ್ಟಿ ಒದ್ದೆಯಾಯಿತು. ಇಂಥ ಒರಟು ಪರೀಕ್ಷೆಯನ್ನು ಅವನು ಕಂಡಿರಲಿಲ್ಲ. ಇವನು ಬಿಡು ಎನ್ನುತ್ತಾನೆ, ಬಿಟ್ಟ ಮರುಗಳಿಗೆ ಬೀಗ ಹಾಕಿಸುತ್ತಾನೆ. "ಸಾರ್, ಒಂದು ಮಾತು. ಆ... ನಿಮ್ಮ ಮಹಡಿಯದ್ದನ್ನ ನಮಗೇ ಕೊಟ್ಬಿಡಿ. ಪೂರ್ತಿಯಾಗಿ. ಬೆಲೆ ನೀವೇ ಹೇಳಿ."

ತುಕ್ಕಣ್ಣನ ಕಣ್ಣು ತುಂಬಿ ಬಂತು. ಬಂಡವಾಳಶಾಹಿಯ ಎದೆಯಲ್ಲೂ ರಸಿಕನೊಬ್ಬ ಇದ್ದಾನೆ! ಆದರೆ ಕಲಾವಿದನಿಗೂ ಒಂದು ನೀತಿ ಇರುತ್ತದೆ.

"ಅರ್ಧಕ್ಕೆ ನಿಂತಿದ್ದನ್ನ ಹೆಂಗೆ ಕೊಡಲಿ? ಮೊದಲು ಹೊಗೆ ಬಿಡಿ. ಪೂರ್ತಿ ಆಗಲಿ. ಆಮೇಲೆ ನೋಡೋಣ," ಎಂದು ಎದ್ದು ಬಂದ.

ಬೀದಿಯಲ್ಲಿ ಅವನಿಗೆ ಚಪ್ಪಾಳೆಯ ಸ್ವಾಗತ. ಹುಲಿಯ ಗುಹೆಗೆ ನುಗ್ಗಿ ಬಂದ ನಮ್ಮ ಸಾಹೇಬರು! ಇತ್ತ ಮ್ಯಾನೇಜರು ಮಾಲಿನ್ಯ ಆಫೀಸರಿಗೆ ಫೋನು ಮಾಡಿದ. ಈ ಆಫೀಸರು ವರ್ಷ ವರ್ಷ ಕಾರ್ಖಾನೆಗೆ ಬಂದು, ಗೋಡಂಬಿ ತಿಂದು, 'ಹೊಗೆ ಇಲ್ಲ, ದುರ್ವಾಸನೆ ಇಲ್ಲ' ಎಂದು ಬರೆದು ಹೋಗುವ ಸಜ್ಜನ. ಮಹಡಿಯ ಯಂತ್ರ ತಮ್ಮದೇ ಇಲಾಖೆಯದೋ ಅಲ್ಲವೋ ಅವನಿಗೂ ಗೊತ್ತಿರಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗುತ್ತದಲ್ಲ ಎಂದು ಯಾರನ್ನೂ ಕೇಳದೆ, ತಾನೇ ಬಂದು ಮಹಡಿ ಹತ್ತಿದ. ಬಂದವನೇ ಚೌಕಟ್ಟಿನ ಮುಂದೆ, ಇರಲಿ ಎಂದು, ನೆಟ್ಟಗೆ ನಿಂತ.

"ನಾನೂ ಇದೇ ಇಲಾಖೆಯವನು. ತಮ್ಮ ಗುರುತು?"

ತುಕ್ಕಣ್ಣ ಹೆಮ್ಮೆಯಿಂದ ಕಾರ್ಡು ಕೊಟ್ಟ.

ಆಫೀಸರು ಓದಿದ. ಮತ್ತೆ ಓದಿದ. ಅವನ ಬೆನ್ನು ಮೆಲ್ಲಗೆ ಸಡಿಲವಾಯಿತು, ಭುಜ ಇಳಿಯಿತು, ಆಮೇಲೆ ಹೊಟ್ಟೆ ಕುಣಿಯತೊಡಗಿತು. "ಕಲಾವಿದ!" ಎಂದ. "ಬರೀ ಕಲಾವಿದ!" ನಗುತ್ತಲೇ ಮೆಟ್ಟಿಲಿಳಿದ, ನಗುತ್ತಲೇ ಫೋನು ಮಾಡಿದ.

ಚಿಮಣಿ ಆ ಸಂಜೆಯೇ ಬಾಯಿ ತೆರೆಯಿತು. ಇಷ್ಟು ದಿನ ಹಿಡಿದಿಟ್ಟುಕೊಂಡದ್ದನ್ನೆಲ್ಲ ಒಟ್ಟಿಗೆ ಕಾರಿತು. ಬೀದಿ ಕೆಮ್ಮುತ್ತ ಬಾಗಿಲು ಮುಚ್ಚಿತು. ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಹೊರಬಂದು, "ಲೋ ತುಕ್ಕಣ್ಣ, ನೀನು ನಿಜವಾಗ್ಲೂ ಕಲಾವಿದನೇನೋ? ಥೂ, ಎಂಥಾ ಮೋಸ!" ಎಂದು ಮಹಡಿಯ ಕಡೆ ಕೂಗಿದ.

ಮಹಡಿಯ ಮೇಲೆ ಅಕ್ಕನ ಕೋಟುಗಳು ಒಣಗುತ್ತಿದ್ದವು. ಹೊಸ ಆಸ್ಪತ್ರೆಯೊಂದರ ಮೊದಲ ಕೆಲಸ, ಹಗಲೆಲ್ಲ ಕೂತು ಹೊಲಿದದ್ದು. ಅಕ್ಕ ಸೆರಗು ಮೂಗಿಗೆ ಒತ್ತಿಕೊಂಡು ಓಡಿ ಬಂದು ನೋಡಿದಾಗ, ಕಪ್ಪಾದ ಕೋಟುಗಳ ಸಾಲಿನ ನಡುವೆ ಅವಳ ತಮ್ಮ ಗೋಂದಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕುಣಿಯುತ್ತಿದ್ದ.

"ಬಂತು ಅಕ್ಕಾ! ಕಪ್ಪು ಬಂತು! ಗೋಡೆ ನನ್ನದೇ!"

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಬಂದದ್ದು ಕೆಮ್ಮು. ನಿಲ್ಲಲಿಲ್ಲ. ಟ್ಯಾಂಕಿಗೆ ಕೈಯೂರಿ ಬಾಗಿದಳು. ಅವನ ಕುಣಿತ ನಿಂತಿತು. ಉಸಿರು ತಿರುಗಿದ ಮೇಲೆ ಅವಳು ಒಂದೇ ಒಂದು ಕೋಟನ್ನು ತಂತಿಯಿಂದೆಳೆದು ಅವನ ಹೆಗಲಿಗೆ ಹಾಕಿದಳು.

"ತಗೋ. ಇದನ್ನೂ ಗೋಡೆಗೆ ಹಾಕು. ಇದನ್ನ ಮಾಡಿದ್ದೂ ನಿನ್ನ ಗುರುನೇ."

ಮರುದಿನ ಬೀದಿಯ ಹೆಂಗಸರೆಲ್ಲ ಮಸಿ ಹಿಡಿದ ಬಟ್ಟೆಗಳನ್ನು ಹೊತ್ತು ಮಾಲಿನ್ಯ ಕಚೇರಿಯ ಮುಂದೆ ಕೂತರು. ಅಕ್ಕ ಮೊದಲ ಸಾಲಿನಲ್ಲಿ. ಜನ ಕೂತರೆ ಕಚೇರಿಗೆ ಗೊತ್ತಿರುವ ಮದ್ದು ಒಂದೇ: ಸಭೆ. ಶಾಲೆಯ ಹಾಲಿನಲ್ಲಿ ಅಹವಾಲು ಸಭೆ ನಿಗದಿಯಾಯಿತು. ಪುರಾವೆ ತನ್ನಿ ಎಂದರು.

"ಚಿತ್ರ ಸಭೆಗೆ ಬರುತ್ತೆ," ಎಂದಳು ಅಕ್ಕ. "ನೀನು ಬರೋದೂ ಬಿಡೋದೂ ನಿನ್ನಿಷ್ಟ."

"ಅಕ್ಕಾ, ಗ್ಯಾಲರಿಗೆ ಹೋಗಬೇಕಾದ್ದು ಅದು! ಯಾರೂ ಮುಟ್ಟಬಾರದು!"

"ನೀನೂ ಜೊತೆಗೆ ಬಂದು ಕಾಯ್ಕೋ ಹಾಗಾದ್ರೆ."

ಮೇಷ್ಟ್ರು ಕೈಗಾಡಿ ತಂದರು. ಅದು ಯಂತ್ರವಲ್ಲ ಎಂದು ಯಾರು ಹೇಳಿದರೂ ಅವರು ಒಪ್ಪಿರಲಿಲ್ಲ; ಇಷ್ಟು ಕ್ರಮವಾಗಿರುವುದು ಕಲೆಯಾಗಿರಲು ಸಾಧ್ಯವಿಲ್ಲ ಎಂಬುದು ಅವರ ವಾದ.

ಹಾಲಿನ ವೇದಿಕೆಯ ಮೇಲೆ ಆಫೀಸರು, ಅವನ ಮೇಲಧಿಕಾರಿಗಳು, ಪಕ್ಕದಲ್ಲಿ ಮ್ಯಾನೇಜರು. ಅವರಿಗೆ ಚಹಾ ಕಾಯಿಸಲು ಮೂಲೆಯಲ್ಲಿ ಒಂದು ಸ್ಟೌ. ಜನರಿಗೆ ಚಹಾ ಇಲ್ಲ, ಅವರು ಬಂದದ್ದು ದೂರಲು. ಬಟ್ಟೆಗಳನ್ನು ತೋರಿಸಿದರೆ ಆಫೀಸರು, "ಒಗೆಯೋಕೆ ಸೋಮಾರಿತನ," ಎಂದ. ಅಕ್ಕನ ಕೆಮ್ಮಿಗೆ, "ವಯಸ್ಸಾಯ್ತಲ್ಲಮ್ಮಾ," ಎಂದ. ಕೊನೆಗೆ ಚೌಕಟ್ಟಿನ ಕಡೆ ಬೆರಳು ಮಾಡಿ ನಕ್ಕ.

"ಇದಂತೆ ಪುರಾವೆ! ನಾಲ್ಕು ಬಟ್ಟೆಗೆ ಬಣ್ಣ ಬಳಿದು ತಂದಿದಾರೆ."

"ಹೌದು ಸಾರ್," ಎಂದ ಮ್ಯಾನೇಜರು. "ಅಂಗಡೀಲಿ ಸಿಗೋ ಬಣ್ಣ. ನಮ್ಮ ಗೇಟಿಗೂ ಇದನ್ನೇ ಬಳಿಸಿರೋದು."

ಹಿಂದಿನ ಬೆಂಚಿನಿಂದ ತುಕ್ಕಣ್ಣ ಎದ್ದ.

"ಗೇಟಿಗಾ? ಏನಂದ್ರಿ? ಬಣ್ಣ? ನಾನು ಬಣ್ಣ ಮುಟ್ಟಿ ಎಷ್ಟು ವರ್ಷ ಆಯ್ತು ಗೊತ್ತೇನ್ರೀ? ಇದ್ರಲ್ಲಿರೋ ಒಂದೊಂದು ಕಣವೂ ಇವರ ಚಿಮಣೀದು! ಇಲ್ಲಿ ಬನ್ನಿ, ಈ ನಸುಬೂದಿ ನೋಡಿ. ಇದು ನೀವು ತಪಾಸಣೆಗೆ ಬಂದಿದ್ರಲ್ಲ, ಆ ದಿನದ್ದು. ಮಧ್ಯಾಹ್ನದವರೆಗೆ ಎಷ್ಟು ಕೋಮಲ! ನೀವು ಗೋಡಂಬಿ ತಿಂದು ಕಾರು ಹತ್ತಿದ್ಮೇಲೆ ಈ ಅಂಚಿಂದ ಕಪ್ಪು ಶುರು. ಇಂಥಾ ತಿರುವು ಬಣ್ಣದಲ್ಲಿ ತರೋಕಾಗುತ್ತೇನ್ರೀ?"

ಮೇಲಧಿಕಾರಿಯೊಬ್ಬ ಆಫೀಸರನ್ನು ಓರೆಗಣ್ಣಿನಿಂದ ನೋಡಿದ.

"ಬಾಯಲ್ಲಿ ಯಾರು ಏನು ಬೇಕಾದ್ರೂ ಹೇಳ್ಬಹುದು," ಎಂದ ಆಫೀಸರು. "ಮಸಿ ಅಂತ ಹೆಂಗೆ ನಂಬೋದು?"

"ಕಾಯಿಸಿ ನೋಡಿ!" ಎಂದುಬಿಟ್ಟ ತುಕ್ಕಣ್ಣ. ಎಂದ ಮೇಲೆ ಹೊಳೆಯಿತು. ಕಾಯಿಸಬೇಕಾದರೆ ಪಟ್ಟಿ ಕೀಳಬೇಕು. ಬುಡದ ಆ ಕಪ್ಪನ್ನು ಕಿತ್ತರೆ ಚಿತ್ರವಿಲ್ಲ, ಚಿತ್ರವಿಲ್ಲದಿದ್ದರೆ ಗೋಡೆಯಿಲ್ಲ. ಕೈ ಚೌಕಟ್ಟಿನ ಹತ್ತಿರ ಹೋಗಿ ನಿಂತಿತು. ಅಕ್ಕ ಮುಂದಿನ ಬೆಂಚಿನಲ್ಲಿ ಬಾಯಿಗೆ ಸೆರಗು ಹಿಡಿದು ಕೆಮ್ಮುತ್ತಿದ್ದಳು. ಅವನ ಕಡೆ ನೋಡಲಿಲ್ಲ.

"ನಮಗೂ ಗೊತ್ತು ರೀ," ಎಂದ ಆಫೀಸರು. "ಡಿಸ್ಟೆಂಪರು ಇದು. ಗೋಡೆಗೆ ಹೊಡೆಯೋ ಡಿಸ್ಟೆಂಪರು."

ಪರ್‍ರ್ ಎಂದು ಪಟ್ಟಿ ಕಿತ್ತುಬಂತು. ಆ ಕೈಯನ್ನು ಎಳೆದದ್ದು ಅಕ್ಕನ ಕೆಮ್ಮೋ, ಡಿಸ್ಟೆಂಪರು ಎಂಬ ಮಾತೋ ಎಂಬ ಬಗ್ಗೆ ನಮ್ಮ ಬೀದಿಯಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ. ಅವನು ಚಹಾದ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಪಟ್ಟಿಯನ್ನು ಸ್ಟೌ ಮೇಲೆ ಹಿಡಿದ.

ಟೈರು. ಸುಟ್ಟ ಟೈರಿನ, ಮೂಗಿನ ಹಿಂದೆ ಹೋಗಿ ಕೂರುವ, ನಾಲಗೆಯ ಮೇಲೆ ಅಂಟುವ ಆ ನಾತ. ನಾವು ದಿನವೂ ಅದನ್ನು ಉಂಡು ಬೆಳೆದವರು, ಗುರುತು ಹಿಡಿಯಲು ತಡವಾಗಲಿಲ್ಲ. ಮೇಲಧಿಕಾರಿಗಳು ಮೂಗು ಮುಚ್ಚಿದರು. ಆಫೀಸರು ಕುರ್ಚಿ ಉರುಳಿಸಿ ಕಿಟಕಿಯ ಕಡೆ ಓಡಿದ.

"ಯಾಕೆ ಸಾರ್?" ಅಕ್ಕ ಎದ್ದು ಅಡ್ಡ ನಿಂತಳು. "ದುರ್ವಾಸನೆ ಇಲ್ಲ ಅಂತ ನೀವೇ ಬರೆದಿದೀರಲ್ಲ. ಕೂತ್ಕೊಳ್ಳಿ. ಚಹಾ ಕುಡೀರಿ."

ಆಫೀಸರು ಕಿಟಕಿಯ ಸರಳು ಹಿಡಿದು ಒಂದು ಗಳಿಗೆ ಯೋಚಿಸಿದ. ಗಾಳಿ ಬೀಸುವ ಕಡೆ ತಿರುಗುವುದರಲ್ಲಿ ಅವನಿಗೆ ವೃತ್ತಿಯ ಅನುಭವವಿತ್ತು. ಸರಕ್ಕನೆ ಮ್ಯಾನೇಜರಿನ ಕಡೆ ತಿರುಗಿ, "ಇಷ್ಟು ವರ್ಷ ನಮ್ಮನ್ನ ಕತ್ತಲೇಲಿ ಇಟ್ಟಿದ್ರಾ? ನಾಚಿಕೆ ಆಗಲ್ವಾ?" ಎಂದು ಗುಡುಗಿದ. ಮ್ಯಾನೇಜರಿಗೆ ಬಹುಶಃ ಜೀವನದಲ್ಲಿ ಮೊದಲ ಸಲ ನಿಜವಾಗಿಯೂ ಮನಸ್ಸಿಗೆ ನೋವಾಯಿತು.

ಸೋಸುವ ಯಂತ್ರ ಹಾಕುವವರೆಗೆ ಕಾರ್ಖಾನೆ ಬಂದ್ ಎಂದು ಅಲ್ಲೇ ಆದೇಶವಾಯಿತು. ಆದೇಶಕ್ಕೆ ಸಾಕ್ಷ್ಯ ಬೇಕಲ್ಲ, ಮೇಲಧಿಕಾರಿ ಒಂದು ಪಟ್ಟಿ ಕೇಳಿದ. ಅವನು ಕೇಳಿದ ಎಂದು ಅವನ ಮೇಲಿನವನು ಒಂದು ಕೇಳಿದ. ಪ್ರಯೋಗಾಲಯಕ್ಕೊಂದು, ವಕೀಲರಿಗೊಂದು, ಇಷ್ಟು ವರ್ಷ ಕಣ್ಣಿಗೇ ಬೀಳದ ಹೊಗೆಗೆ ಈಗ ಇಲಾಖೆಯಲ್ಲಿ ನೂಕುನುಗ್ಗಲು. 'ಮೌನದ ಉಸಿರು' ಚೂರುಚೂರಾಗಿ ಪ್ಲಾಸ್ಟಿಕ್ ಚೀಲಗಳನ್ನು ಸೇರಿ ಅರಗಿನ ಮುದ್ರೆ ಹೊತ್ತಿತು. ತುಕ್ಕಣ್ಣ ಪ್ರತಿ ಚೀಲದ ಹಿಂದೆಯೂ ಓಡಿ, "ತಲೆಕೆಳಗಾಗಿ ಇಡ್ಬೇಡಿ, ಮೇಲೆ ಕೆಳಗೆ ಇದೆ ಅದಕ್ಕೆ," ಎಂದು ಹೇಳುತ್ತಿದ್ದ. ಯಾರೂ ಕೇಳಿಸಿಕೊಳ್ಳಲಿಲ್ಲ. ಗ್ಯಾಲರಿಯ ಗೋಡೆ ಮಂಜುಗಡ್ಡೆಯಿಂದ ಪ್ರೇರಣೆ ಪಡೆಯುವ ಬೇರೆ ಯಾರಿಗೋ ಹೋಯಿತು.

ಅವನು ಕೆಲವು ದಿನ ಮಹಡಿಯಲ್ಲಿ, ಬರೀ ಚೌಕಟ್ಟಿಗೆ ಬೆನ್ನು ಹಾಕಿ ಕೂತಿದ್ದ. ಅಕ್ಕ ಅವನನ್ನು ಕೂರಲು ಬಿಟ್ಟಳು. ಬಕೆಟ್ಟನ್ನು ತಾನೇ ಹೊತ್ತಳು. ಅವಳ ಕೆಮ್ಮು ಪೂರ್ತಿ ಹೋಗಿರಲಿಲ್ಲ, ಹೋಗುವುದೂ ಇಲ್ಲವೆಂದು ಡಾಕ್ಟರು ಹೇಳಿದ್ದರು. ಆದರೆ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಈಗ ಜಾಗ ಬಿಡುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಆಚೆ ಬಡಾವಣೆಯಿಂದ ಹೆಂಗಸರ ಗುಂಪೊಂದು ಮನೆ ಹುಡುಕಿಕೊಂಡು ಬಂತು. ಬಾಗಿಲಲ್ಲೇ ನಿಂತು, ಕಣ್ಣು ಉಜ್ಜಿಕೊಳ್ಳುತ್ತ, ಅವರಲ್ಲಿ ಹಿರಿಯಳು ಕೇಳಿದಳು.

"ಕಲಾವಿದರ ಮನೆ ಇದೇನಮ್ಮಾ? ನಮ್ಮ ಕಡೆ ಒಂದು ರಾಸಾಯನಿಕ ಕಾರ್ಖಾನೆ ಇದೆ. ಎಷ್ಟು ಹೇಳಿದ್ರೂ ಯಾರೂ ನಂಬ್ತಿಲ್ಲ. ಒಂದು ಚಿತ್ರ ಮಾಡಿಕೊಡ್ತಾರಾ ಅಂತ ಕೇಳೋಕೆ ಬಂದ್ವಿ."

ಮೆಟ್ಟಿಲ ತುದಿಯಲ್ಲಿ ತುಕ್ಕಣ್ಣನ ತಲೆ ಕಾಣಿಸಿತು. ಮುಖ ಬಿಗಿದುಕೊಂಡು, ಬೇಡದ ಗಿರಾಕಿಗೆ ಕೇಳುವಂತೆ ಕೇಳಿದ.

"ಹೊಗೆ ಯಾವ ಬಣ್ಣ?"

"ಹಳದಿ ಕಣಪ್ಪಾ. ಹಳದಿ ಅಂದ್ರೆ ಹಳದಿ."

"ಹಳದಿ!" ಎಂದ ಅವನು, ಮತ್ತು ಅಕ್ಕ ಅವನ ತೋಳು ಹಿಡಿದು ಮೂಗಿಗೆ ಒದ್ದೆ ಬಟ್ಟೆ ಕಟ್ಟುವಷ್ಟರಲ್ಲಿ, ಚಪ್ಪಲಿಯನ್ನೂ ಮೆಟ್ಟದೆ ಆ ಹೆಂಗಸರಿಗಿಂತ ಮುಂದಾಗಿ ಬೀದಿಗೆ ಇಳಿದಿದ್ದ.